ಕಾಕಾನ ಅಳತೆಯ ಬಂದೂಕು

ಬಂದೂಕಿಗೆ ಹಚ್ಚುವ ಎಣ್ಣೆಗೂ ಹೊಲಿಗೆ ಯಂತ್ರಕ್ಕೆ ಬಿಡುವ ಎಣ್ಣೆಗೂ ವಾಸನೆಯಲ್ಲಿ ಅಂಥ ದೊಡ್ಡ ಅಂತರವೇನೂ ಇಲ್ಲ. ರವಿವಾರ ಬೆಳಿಗ್ಗೆ ನಮ್ಮ ಮನೆಗೆ ಬಂದ ಕೆಲವರು ಮೂಗು ಅರಳಿಸಿ, "ಮನಿಯವ್ರು ಬ್ಲೌಸ್ ಹೊಲೀತಾರೇನ್ರಿ?" ಎಂದು ಕೇಳಿದ್ದುಂಟು. ನಾನು ಹೌದೆಂದು ತಲೆಯಾಡಿಸಿ ಸುಮ್ಮನಾಗುತ್ತೇನೆ. ಹುಬ್ಬಳ್ಳಿಯ ಗೋಕುಲ ರಸ್ತೆಯ ನಮ್ಮ ಎರಡನೇ ಮಹಡಿಯ ಬಾಲ್ಕನಿಯಲ್ಲಿ ಹಳೆಯ ಪೇಪರು ಹಾಸಿಕೊಂಡು, ಜೋಡು ನಳಿಗೆಯ ಬಂದೂಕನ್ನು ಬಿಚ್ಚಿ ಒರೆಸುತ್ತ ಕುಳಿತವಳು ನನ್ನ ಹೆಂಡತಿ ಶೈಲಾ, ಹೈಸ್ಕೂಲಿನ ಪಿ.ಟಿ. ಟೀಚರು ಎಂದು ಹೇಳಿದರೆ, ತಂದಿಟ್ಟ ಚಹಾ ತಣ್ಣಗಾಗುವವರೆಗೂ ವಿವರಿಸುತ್ತ ಕೂಡಬೇಕಾಗುತ್ತದೆ.

ಹೋದ ರವಿವಾರ ಆ ವಾಸನೆ ಮನೆ ತುಂಬಿದ್ದಾಗಲೇ ಪಾಟೀಲ ಸರ್ ಫೋನು ಮಾಡಿದರು. ಧಾರವಾಡದ ನಮ್ಮ ಕಾಲೇಜಿನಲ್ಲಿ ಅವರು ಭೌತಶಾಸ್ತ್ರ, ನಾನು ಇತಿಹಾಸ. ಅವರ ಮಗಳಿಗೂ ಬಂದೂಕಿನಿಂದ ಮಣ್ಣಿನ ಬಿಲ್ಲೆ ಹೊಡೆಯುವ ಆಟದ ಹುಚ್ಚು ಹಿಡಿದಿದೆಯಂತೆ. "ಸರ, ನೀವು ಅನುಭವಸ್ಥರು. ಹೊಸದಾಗಿ ಕಲಿಯೋರಿಗೆ, ಕಡಿಮಿ ರೊಕ್ಕದಾಗ, ಛಲೋ ಬಂದೂಕ ಯಾವ್ದು ಹೇಳ್ರಿ. ಗುರುವಾರ ನೀವ ಅಂಗಡಿಗೆ ಬಂದುಬಿಟ್ರಂತೂ ಭಾಳ ಉಪಕಾರ ಆಕ್ಕೈತಿ," ಎಂದರು.

ಅನುಭವಸ್ಥ! ದೀಪಾವಳಿಯ ಲಕ್ಷ್ಮೀ ಪಟಾಕಿ ಹಚ್ಚುವಾಗ ಹಿಂದಿನ ಕೋಣೆಯಲ್ಲಿ ಕೂಡುವ ಮನುಷ್ಯ ನಾನು. ಆದರೂ ಒಬ್ಬರು ಸಲಹೆ ಕೇಳಿದರೆ ಇಲ್ಲವೆನ್ನುವ ಮೇಷ್ಟ್ರು ಈ ಊರಿನಲ್ಲಿ ಇನ್ನೂ ಹುಟ್ಟಿಲ್ಲ. ಅರ್ಧ ತಾಸು ಮಾತಾಡಿದೆ. ಅವರಿಗೆ ಹೇಳಿದ್ದನ್ನು ನಿಮಗೂ ಹೇಳುತ್ತೇನೆ. ಅವರಿಗೆ ಹೇಳದೆ ಬಿಟ್ಟದ್ದೂ ಸ್ವಲ್ಪ ಇದೆ.

ಮೊದಲು ಆಟದ ವಿಷಯ. ಧಾರವಾಡ ದಾಟಿ ಕೆಲವು ಮೈಲಿ ಹೋದರೆ ಒಂದು ಕೈಬಿಟ್ಟ ಕಲ್ಲಿನ ಕ್ವಾರಿ ಇದೆ. ಅಲ್ಲಿ ಸೈನ್ಯದಿಂದ ನಿವೃತ್ತರಾದ ಸುಬೇದಾರರೊಬ್ಬರು ಪರವಾನಗಿ ಪಡೆದು ಮೈದಾನ ನಡೆಸುತ್ತಾರೆ. ಚಹಾದ ಕಪ್ಪಿನಡಿಯ ಬಸಿಗಿಂತ ಕೊಂಚ ಚಿಕ್ಕದಾದ ಕಿತ್ತಳೆ ಬಣ್ಣದ ಬಿಲ್ಲೆಗಳನ್ನು ಸ್ಪ್ರಿಂಗಿನ ಯಂತ್ರ ಗಾಳಿಗೆ ಎಸೆಯುತ್ತದೆ. ಒಂದು ತಲೆಯ ಹಿಂದಿನಿಂದ ಹಾರಿ ಹೋದರೆ ಮತ್ತೊಂದು ಅಡ್ಡ ಹಾಯುತ್ತದೆ. ಇನ್ನೊಂದು ಮೊಲದಂತೆ ನೆಲದ ಮೇಲೆಯೇ ಪುಟಿಯುತ್ತ ಓಡುತ್ತದೆ. ಒಂದು ಕಟ್ಟೆಯಿಂದ ಇನ್ನೊಂದಕ್ಕೆ ನಡೆಯುತ್ತ ಅವನ್ನು ಹೊಡೆಯಬೇಕು. ಪ್ರಾಣಿಹಿಂಸೆ ಇಲ್ಲ. ಹಿಂಸೆಯಾಗುವುದು ಹೊಡೆಯುವವರ ಹೆಗಲಿಗೆ ಮತ್ತು ಮನೆಯ ಉಳಿತಾಯಕ್ಕೆ.

ಶೈಲಾ ಶಾಲೆಯ ಮಕ್ಕಳನ್ನು ಅಲ್ಲಿಗೆ ನೋಡಲು ಕರೆದುಕೊಂಡು ಹೋಗಿದ್ದಳು. ಸುಬೇದಾರರು ಸುಮ್ಮನೆ, "ಟೀಚರ, ನೀವೂ ಒಮ್ಮಿ ಹೊಡೀರಿ" ಎಂದು ಮೈದಾನದ ಬಂದೂಕನ್ನು ಕೈಗೆ ಕೊಟ್ಟರಂತೆ. ಮೂರನೆಯ ಬಿಲ್ಲೆ ಒಡೆಯಿತು. ಅಂದು ಸಂಜೆ ಮನೆಗೆ ಬಂದವಳು ಚಪ್ಪಲಿ ಬಿಡದೆಯೇ ಹೇಳಿದಳು: "ಹುಡಿಹುಡಿ ಆತ್ರಿ ಅದು. ಗಾಳ್ಯಾಗ ಹಿಟ್ಟಾಗಿ ಹೋತು."

ಆ ಮುಖವನ್ನು ನಾನು ಬಹಳ ವರ್ಷ ನೋಡಿರಲಿಲ್ಲ. ಕಾಲೇಜಿನಲ್ಲಿ ಅವಳು ನಾನೂರು ಮೀಟರ್ ಓಟಗಾರ್ತಿ. ವಿಶ್ವವಿದ್ಯಾಲಯದ ತಂಡಕ್ಕೆ ಆಯ್ಕೆಯಾಗಿದ್ದಳು. ತಂಡ ರೈಲು ಹತ್ತುವ ವಾರವೇ ಅವಳ ಮನೆಯವರು ಮದುವೆಯ ಮುಹೂರ್ತ ಇಟ್ಟರು. ವರ ಒಳ್ಳೆಯವನು, ನೌಕರಿ ಖಾಯಂ, ಅವನ ಮನೆಯವರು ತಡ ಮಾಡಲೊಪ್ಪುತ್ತಿಲ್ಲ ಎಂದರಂತೆ. ಆ ವರ ನಾನೇ. ಮುಹೂರ್ತ ಮುಂದೂಡಿ ಎಂದು ನನ್ನನ್ನು ಯಾರೂ ಕೇಳಲಿಲ್ಲ, ನಿಜ. ಕೇಳಿದ್ದರೆ ಏನು ಹೇಳುತ್ತಿದ್ದೆ ಎಂಬುದನ್ನು ನಾನೂ ಈವರೆಗೆ ವಿಚಾರಿಸಿಕೊಂಡಿಲ್ಲ.

ಒಂದು ವರ್ಷ ರವಿವಾರಗಳಂದು ಮೈದಾನದ ಬಂದೂಕಿನಿಂದಲೇ ಕಲಿತಳು. ರಾಜ್ಯ ತಂಡದ ಆಯ್ಕೆಗೆ ಹೋಗಬೇಕೆಂದರೆ ಮೊದಲು ಅರ್ಹತಾ ಸ್ಪರ್ಧೆಯಲ್ಲಿ ಇಷ್ಟು ಬಿಲ್ಲೆ ಒಡೆದಿರಬೇಕು ಎಂಬ ಲೆಕ್ಕವಿತ್ತು. ಅದಕ್ಕೆ ಸ್ವಂತ ಬಂದೂಕಿದ್ದರೆ ಮೇಲು. ಅವಳಿಗಾಗ ಮೂವತ್ತೆಂಟು. "ಎರಡು ಸಲ ಸ್ಪರ್ಧಾಕ್ಕ ಹೋಗ್ತೀನ್ರಿ. ಎರಡರಾಗೂ ಆಗ್ಲಿಲ್ಲಂದ್ರ ಬಂದೂಕ ಮಾರಿ ಸುಮ್ಮನಾಗ್ತೀನಿ. ಮತ್ತ ಆಶಾ ಇಟಗೊಂಡು ಕೂಡಂಗಿಲ್ಲ," ಎಂದಳು. ಅವಳು ಮಾತು ಕೊಟ್ಟರೆ ಕೊಟ್ಟಂತೆಯೇ. ಓಟವನ್ನು ಹಾಗೆಯೇ ಬಿಟ್ಟವಳು. ಆಮೇಲೆ ಒಂದು ದಿನವೂ ಅದರ ಹೆಸರು ಎತ್ತಿದವಳಲ್ಲ.

ಬಂದೂಕಿಗೆ ಮೊದಲು ಲೈಸೆನ್ಸು ಬೇಕು. ಲೈಸೆನ್ಸಿಗೆ ನಮ್ಮ ಬಸಣ್ಣ ಕಾಕಾ. ನನ್ನ ಅಪ್ಪನ ತಮ್ಮ. ಕರೆಂಟಿನ ಕಂಬ ಹತ್ತುವ ಲೈನ್‌ಮನ್ ಆಗಿ ನಿವೃತ್ತರಾದವರು. ಆರಡಿ ಮೇಲೆ ಎರಡಿಂಚು ಎತ್ತರ, ಏಣಿಯಿಲ್ಲದೆ ಜೇಡರ ಬಲೆ ತೆಗೆಯುವಷ್ಟು ಉದ್ದದ ಕೈ. ಹರೆಯದಲ್ಲಿ ಯಾರದೋ ಗೋವಿನಜೋಳದ ಹೊಲಕ್ಕೆ ಹಂದಿ ಕಾಯಲು ಎರಡು ದಿನ ಬಂದೂಕು ಹಿಡಿದು ಕೂತಿದ್ದರಂತೆ. ಹಂದಿ ಬರಲಿಲ್ಲ. ಆದರೂ ಆ ಎರಡು ದಿನಗಳ ಬಲದ ಮೇಲೆ ನಮ್ಮ ಮನೆತನದಲ್ಲಿ ಬಂದೂಕು ಬಲ್ಲವರು ಎಂದರೆ ಕಾಕಾ ಒಬ್ಬರೇ ಎಂದಾಗಿತ್ತು.

ಅವರು ಶೈಲಾಳ ಅರ್ಜಿ ಹಿಡಿದು ಒಂದು ವರ್ಷಕ್ಕೂ ಮೇಲೆ ಹುಬ್ಬಳ್ಳಿ ಧಾರವಾಡ ಬಸ್ಸಿನಲ್ಲಿ ಓಡಾಡಿದರು. ಒಮ್ಮೆ ನಾನೂ ಜೊತೆಗಿದ್ದೆ. ಕಚೇರಿಯಲ್ಲಿ ಗುಮಾಸ್ತರು ಅರ್ಜಿಯಿಂದ ತಲೆಯೆತ್ತಿ, "ಜೀವಭಯ ಐತೇನ್ರಿ ಅಕ್ಕಾರಿಗೆ?" ಎಂದು ಕೇಳಿದರು.

"ಇಲ್ರಿ," ಎಂದರು ಕಾಕಾ.

"ಬೆಳಿ ಕಾಯಾಕೇನ್ರಿ?"

"ಹೊಲಾನ ಇಲ್ರಿ ಅವ್ರಿಗೆ."

"ಮತ್ತ ಬಂದೂಕ ಯಾಕ್ರಿ?"

"ಬಸಿ ಒಡ್ಯಾಕ್ರಿ."

ಗುಮಾಸ್ತರು ಪೆನ್ನು ಕೆಳಗಿಟ್ಟರು. ಅದನ್ನು ಅವರು ಮತ್ತೆ ಕೈಗೆತ್ತಿಕೊಳ್ಳುವುದಕ್ಕೆ ಕಾಕಾ ಇನ್ನೂ ನಾಲ್ಕು ಸಲ ಹೋಗಬೇಕಾಯಿತು. ಪೊಲೀಸರು ವಿಚಾರಣೆಗೆಂದು ಮನೆಗೆ ಬಂದು ಹೋದ ಮೇಲೆ ಕೆಳಗಿನ ಮನೆಯವರು ನನ್ನ ಸ್ಕೂಟರಿಗೆ ಅಡ್ಡವಾಗಿ ಕಾರು ನಿಲ್ಲಿಸುವುದನ್ನು ಬಿಟ್ಟರು. ಅಷ್ಟರಮಟ್ಟಿಗೆ ಬಂದೂಕು ಬರುವ ಮೊದಲೇ ಅದರಿಂದ ನನಗೆ ಲಾಭವಾಗಿತ್ತು.

ಇನ್ನು ಆಯ್ಕೆಯ ಮಾತು. ನಾನು ನೋಟ್‌ಬುಕ್ ಹಿಡಿದು ಸುಬೇದಾರರ ಮುಂದೆ ಕುಳಿತೆ. ಹೊರದೇಶದ ಹೊಸ ಬಂದೂಕಿನ ಬೆಲೆ ಕೇಳಿದಾಗ, ಅದಕ್ಕೆ ನಾಲ್ಕು ಗಾಲಿ ಇರಬೇಕಿತ್ತಲ್ಲ ಅನ್ನಿಸಿತು. ಒಂಟಿ ನಳಿಗೆಯದು ಅಗ್ಗ, ಆದರೆ ಎರಡು ಬಿಲ್ಲೆ ಜೊತೆಯಾಗಿ ಹಾರಿದಾಗ ಎರಡನೆಯದಕ್ಕೆ ಕೈ ಬೀಸಿ ಬೀಳ್ಕೊಡಬೇಕು. ಅಕ್ಕಪಕ್ಕ ನಳಿಗೆಯದು ನಮ್ಮಲ್ಲೇ ಕಡಿಮೆಗೆ ಸಿಗುತ್ತದೆ. ಕಲಿಯುವುದಕ್ಕೆ ಅದೂ ಅಡ್ಡಿಯಿಲ್ಲ. ಆದರೆ ಈ ಆಟಕ್ಕೆ ಒಂದರ ಮೇಲೊಂದು ನಳಿಗೆಯದು ಮೇಲು, ನೋಟಕ್ಕೆ ಒಂದೇ ಗೆರೆ ಸಿಗುತ್ತದೆ. "ಹೊಸಾದ್ದಕ್ಕ ಹೋಗಬ್ಯಾಡ್ರಿ," ಎಂದರು ಸುಬೇದಾರರು. "ಒಬ್ಬರು ಹಿಡಿದು ಪಳಗಿಸಿದ್ದು ತಗೋರಿ. ಹಗುರ ಬಂದೂಕ ಒದೀತೈತಿ, ಭಾರಾದ್ದು ದಣಿಸ್ತೈತಿ, ನಡುವಿಂದು ನೋಡ್ರಿ. ಕೀಲು ಸಡ್ಲ ಇರಬಾರ್ದು. ನಳಿಗಿ ಒಳಗ ಬೆಳಕು ಹಿಡಿದು ನೋಡ್ರಿ. ಇದೆಲ್ಲಾ ಒಂದು ತೂಕ, ಹೆಗಲಿನ ಅಳತಿ ಒಂದು ತೂಕ. ಹೊಡಿಯೋರ ಹೆಗಲಿಗೆ ಕೂಡ್ಲಿಲ್ಲಂದ್ರ ಬಂಗಾರದ ಬಂದೂಕ ತಂದ್ರೂ ಅಷ್ಟ." ಹೆಗಲಿನ ಮಾತಿನ ಕೆಳಗೆ ನಾನು ಎರಡು ಗೆರೆ ಎಳೆದೆ. ಪರೀಕ್ಷೆಗೆ ಬರುವ ಪ್ರಶ್ನೆ ಎಂಬಂತೆ.

ಅಂಗಡಿಗೆ ಹೊರಟ ದಿನ ಕಾಕಾ, ಶೈಲಾ, ನಾನು ಮೂವರಾದೆವು. ಮೂವರು ಹೋದರೆ ಕೆಲಸವಾಗುವುದಿಲ್ಲ ಎಂದು ಕಾಕಾನ ಹೆಂಡತಿ ಕಾಕೂನೂ ಹೊರಟಳು. ಕನ್ಯೆ ನೋಡಲು ಹೊರಟವರ ಹಾಗೆ ನಾಲ್ವರೂ ಒಂದೇ ಆಟೋದಲ್ಲಿ ತುರುಕಿಕೊಂಡು ಹುಬ್ಬಳ್ಳಿಯ ಪೇಟೆ ಸೇರಿದೆವು. ಅಂಗಡಿಯ ಯಜಮಾನರು ವಯಸ್ಸಾದವರು, ಮೃದುವಾಗಿ ಮಾತಾಡುವವರು. ಬಂದೂಕು ಮಾರುವವರ ದನಿ ಇಷ್ಟು ಮೃದುವಾಗಿರುತ್ತದೆ ಎಂದು ನಾನು ಎಣಿಸಿರಲಿಲ್ಲ. ಹೆಂಗಸರಿಬ್ಬರನ್ನು ಫ್ಯಾನಿನ ಕೆಳಗಿನ ಬೆಂಚಿನ ಮೇಲೆ ಕೂರಿಸಿದರು. ಚಹಾ ಬಂತು. ಶೈಲಾಳಿಂದ ಲೈಸೆನ್ಸಿನ ಪುಸ್ತಕ ಇಸಿದುಕೊಂಡು, ನಮ್ಮ ರೊಕ್ಕಕ್ಕೆ ಸರಿಹೋಗುವಂಥ ಮೂರು ಬಂದೂಕು ಹೊರಗಿಟ್ಟರು.

ಒಂದರ ಕೀಲು ಸಡಿಲ. ಇನ್ನೊಂದು ಒನಕೆಯ ಭಾರ. ಮೂರನೆಯದು ಯಾರೋ ಹತ್ತು ವರ್ಷ ಜೋಪಾನವಾಗಿ ಬಳಸಿ ಕೊಟ್ಟಿದ್ದ, ಒಂದರ ಮೇಲೊಂದು ನಳಿಗೆಯ ಬಂದೂಕು. ಯಜಮಾನರು ನಳಿಗೆಯನ್ನು ಕಳಚಿ, ದಾರಕ್ಕೆ ತೂಗುಬಿಟ್ಟು ಬೆರಳ ಗೆಣ್ಣಿನಿಂದ ಬಡಿದರು. ಒಳ್ಳೆಯ ನಳಿಗೆಯಾದರೆ ಗಂಟೆಯಂತೆ ನುಡಿಯುತ್ತದಂತೆ. ನುಡಿಯಿತು. ಬೆಂಚಿನಿಂದ ಕಾಕೂ, "ಗಡಿಗಿ ಬಾರಿಸಿ ತಗೊಂಡಂಗ ಐತಲ್ಲೋ. ನನ್ನನ್ನ ಕೇಳಿದ್ರ ನಾನ ಹೇಳ್ತಿದ್ನಿ," ಎಂದಳು. ಎಲ್ಲರೂ ನಕ್ಕೆವು. ಬಂದೂಕು ಗೊತ್ತುಮಾಡಿದೆವು.

"ಹಂಗಾರ ಅಳತಿ ನೋಡೂಣ್ರಿ. ಯಾರು ಏಳ್ತೀರಿ?" ಎಂದರು ಯಜಮಾನರು.

ಒಂದು ಕ್ಷಣ ಯಾರೂ ಏಳಲಿಲ್ಲ. ಆಮೇಲೆ ಕಾಕಾ ಎದ್ದರು. ಹಿರಿಯರು. ಬಂದೂಕು ಬಲ್ಲವರು. ಒಂದು ವರ್ಷ ಕಚೇರಿ ಅಲೆದವರು. ಯಜಮಾನರು ಬಂದೂಕನ್ನು ಎರಡೂ ಕೈಯಲ್ಲಿ ಗೌರವದಿಂದ ಕೊಟ್ಟರು. ಕಾಕಾ ಹೆಗಲಿಗೆ ಏರಿಸಿದರು. ಅವರ ಕೈಗೆ ಅದು ಆಟದ ಸಾಮಾನಿನಂತೆ ಕಂಡಿತು. "ನಿಮಗ ಗಿಡ್ಡ ಆಗಾಕತ್ತೈತ್ರಿ," ಎಂದು ಯಜಮಾನರು ಟೇಪು ತೆಗೆದು ಕಾಕಾನ ಮೊಣಕೈ ಮಡಿಕೆಯಿಂದ ಬೆರಳವರೆಗೆ ಅಳೆದರು. ಬಂದೂಕಿನ ಹಿಂಬದಿಗೆ ಒಂದು ಮರದ ತುಂಡು, ಅದರ ಮೇಲೆ ದಪ್ಪ ರಬ್ಬರಿನ ಮೆತ್ತೆ ಕೂಡಿಸಿ, ಎರಡು ಸ್ಕ್ರೂ ಬಿಗಿದರು. ಕಾಕಾ ಮತ್ತೆ ಏರಿಸಿದರು. ಈಗ ಹೇಳಿ ಮಾಡಿಸಿದಂತಿತ್ತು. ಕಾಕೂ ಪರ್ಸಿನಿಂದ ಕುಂಕುಮದ ಪೊಟ್ಟಣ ತೆಗೆದು ಅದಕ್ಕೆ ಬೊಟ್ಟಿಟ್ಟಳು.

ಲೈಸೆನ್ಸು ಶೈಲಾಳದು, ರೊಕ್ಕ ಶೈಲಾಳದು, ಆಟ ಶೈಲಾಳದು. ಬಂದೂಕು ಅವಳ ಕೈಗೆ ಬಂದದ್ದು ಚೀಲದೊಳಗೆ ಸೇರಿದ ಮೇಲೆ. ಅವಳು ಐದಡಿ ಎರಡಿಂಚು.

ನೋಟ್‌ಬುಕ್ ನನ್ನ ಕಿಸೆಯಲ್ಲಿತ್ತು. ಅದರಲ್ಲಿ ಎರಡು ಗೆರೆಯೂ ಇದ್ದವು. ಪಾಟೀಲ ಸರ್‌ಗೆ ನಾನು ಹೇಳದೆ ಬಿಟ್ಟದ್ದು ಇದನ್ನೇ.

ಮುಂದಿನ ರವಿವಾರ ಅವಳು ಬಂದೂಕು ಎತ್ತಿದ್ದನ್ನು ನೋಡಿ ಸುಬೇದಾರರು, "ಟೀಚರ, ಇದು ಯಾರ ಅಳತಿ?" ಎಂದರು. ಆಕೆ ದನಿ ತಗ್ಗಿಸಿ, "ಹಿರ್ಯಾರು ಹಾಕಿಸಿದ್ದು ಐತ್ರಿ. ರೂಢಿ ಮಾಡ್ಕೋತೀನಿ," ಎಂದಳು. ಸುಬೇದಾರರು ತಿರುಗಿ ನೋಡಿದರು. ಬೇವಿನ ಗಿಡದ ಕೆಳಗೆ ಕಾಕಾ ಮಡಚುವ ಕುರ್ಚಿ ಹಾಕಿಕೊಂಡು, ಚಹಾದ ಫ್ಲಾಸ್ಕ್ ಪಕ್ಕಕ್ಕಿಟ್ಟುಕೊಂಡು ಕೂತಿದ್ದರು. ಸುಬೇದಾರರೂ ಇದೇ ಸೀಮೆಯವರು, ಸುಮ್ಮನಾದರು. ಕಾಕಾ ಒಂದು ರವಿವಾರವೂ ತಪ್ಪಿಸಲಿಲ್ಲ. ಬಿಲ್ಲೆ ಒಡೆದರೆ "ಶಾಬ್ಬಾಸ ಶೈಲವ್ವಾ!" ಎಂದು ಕೂಗುವರು. ತಪ್ಪಿದರೆ ಗಾಳಿಯನ್ನು ಬೈಯುವರು. ಅವರ ಕಣ್ಣೆದುರಿಗೆ ಆ ಎರಡು ಸ್ಕ್ರೂ ಬಿಚ್ಚುವುದು ನಮ್ಮಲ್ಲಿ ಯಾರ ಕೈಯಿಂದ ಆಗಬೇಕು?

ಉದ್ದವಾದ ಬಂದೂಕು ಎತ್ತುವಾಗ ಕಂಕುಳಿಗೆ ತಡೆಯುತ್ತದೆ. ಹೆಗಲಿನ ಗೂಡಿನಲ್ಲಿ ಕೂಡದೆ ತೋಳಿನ ಮೇಲೆ ಕೂಡುತ್ತದೆ. ಆಕೆ ಕುತ್ತಿಗೆ ಮುಂದಕ್ಕೆ ಚಾಚಿ, ಎಡಗೈ ಹಿಂದಕ್ಕೆಳೆದು, ನಿಲ್ಲುವ ರೀತಿಯನ್ನೇ ಬದಲಿಸಿ ನೋಡಿದಳು. ತೋಳಿನ ಮೇಲೆ ಅಂಗೈಯಗಲ ಕಂದು ಕಲೆ ಮೂಡಿತು. ಶಾಲೆಗೆ ಉದ್ದ ತೋಳಿನ ಕುಪ್ಪಸ ತೊಟ್ಟುಕೊಂಡು ಹೋಗತೊಡಗಿದಳು. ರಾತ್ರಿ ನಾನು ಅರಿಷಿಣದ ಪಟ್ಟು ಹಾಕುತ್ತಿದ್ದೆ. "ಇನ್ನೊಂದೀಟು ಕೆಳಗ್ರಿ" ಎನ್ನುವಳು, ಅಷ್ಟೇ. ಅರಿಷಿಣ ಹಚ್ಚುವುದು ಸುಲಭ. ಅದಕ್ಕೆ ಯಾರ ಎದುರಿಗೂ ಬಾಯಿ ತೆರೆಯಬೇಕಾಗಿಲ್ಲ.

ಮೊದಲ ಅರ್ಹತಾ ಸ್ಪರ್ಧೆಯಲ್ಲಿ ಎರಡು ಬಿಲ್ಲೆಯಿಂದ ತಪ್ಪಿತು. ಬಿಲ್ಲೆ ಬೇಗನೆ ಹಾರಿಬರುವ, ಸರಕ್ಕನೆ ಬಂದೂಕು ಎತ್ತಬೇಕಾದ ಕಟ್ಟೆಯಲ್ಲೇ ಎರಡೂ ಹೋದವು. ವಾಪಸು ಬರುವ ಬಸ್ಸಿನಲ್ಲಿ ಆಕೆ ಕಿಟಕಿಗೆ ಹಣೆ ಹಚ್ಚಿ ಅತ್ತಳು. ಹದಿನೆಂಟು ವರ್ಷದ ಸಂಸಾರದಲ್ಲಿ ಅವಳು ಅಳುವುದನ್ನು ಮೂರನೆಯ ಸಲ ನೋಡಿದೆ. ಮುಂದಿನ ಸೀಟಿನಿಂದ ಕಾಕಾ ತಿರುಗಿ, "ನಸೀಬ ಯವ್ವಾ. ಮುಂದಿನ ಸಲ ಆಕ್ಕೈತಿ," ಎಂದರು. ಉಳಿದದ್ದು ಆ ಮುಂದಿನ ಸಲ ಒಂದೇ. ನನಗೆ ನಾಚಿಕೆಯಾಯಿತು. ಅದನ್ನು ಬೇರೆ ಯಾವ ಶಬ್ದದಿಂದಲೂ ಹೇಳಲಾರೆ.

ನಾಚಿಕೆ ಧೈರ್ಯವಾಗಲು ಇನ್ನೂ ಮೂರು ತಿಂಗಳು ಹಿಡಿಯಿತು. ಒಂದು ರವಿವಾರ ಬೇವಿನ ಗಿಡದ ಕೆಳಗೆ ಕಾಕಾನ ಪಕ್ಕದಲ್ಲಿ ಕೂತು, ಫ್ಲಾಸ್ಕಿನ ಮುಚ್ಚಳದಲ್ಲಿ ಚಹಾ ಕುಡಿಯುತ್ತ, ಅಂದಿನ ಬಿಸಿಲು, ಕಾಕೂನ ಮಂಡಿನೋವು, ಬಸ್ಸಿನ ರಶ್ಶು ಎಲ್ಲವನ್ನೂ ಸುತ್ತಿ ಬಂದು ಕೊನೆಗೆ, "ಕಾಕಾ, ಆ ಬಂದೂಕ ಅಕಿಗೆ ಉದ್ದ ಆಗೇತಿ," ಎಂದೆ.

ಕಾಕಾ ಚಹಾದ ಕಪ್ಪು ಕೆಳಗಿಟ್ಟರು. "ಯಾವಾಗಿಂದ?"

"ಮೊದ್ಲಿಂದನೂ. ಅಳತಿ ನಿಮ್ಮದೈತಲ್ಲ ಅದು."

ಅವರು ಮೈದಾನದ ಕಡೆ ನೋಡಿದರು. ಶೈಲಾ ಕುತ್ತಿಗೆ ಚಾಚಿ ನಿಂತಿದ್ದಳು. ಒಂದು ವರ್ಷದಿಂದ ಪ್ರತಿ ರವಿವಾರ ನೋಡಿದ್ದನ್ನು ಅವರು ಆಗ ಮೊದಲ ಸಲ ನೋಡಿದರು ಎಂದು ಕಾಣುತ್ತದೆ.

"ಅಲ್ಲೋ ಹುಚ್ಚಪ್ಪ, ಅವತ್ತ ಅಂಗಡ್ಯಾಗ ಹೇಳಬೇಕೋ ಬ್ಯಾಡೋ? ಅಂವಾ ಯಾರು ಏಳ್ತೀರಿ ಅಂದ. ನೀವು ಒಬ್ಬರೂ ಏಳಲಿಲ್ಲ. ಪಾಪ, ಮನಷ್ಯಾ ಕೇಳಾಕತ್ತಾನ ಅಂತ ನಾ ಎದ್ದೆ. ನಾ ಏನು ನಿಮ್ಮನ್ನ ನುಂಗ್ತಿದ್ನೇನು?"

ಎದ್ದು ಹೋಗಿ ಸುಬೇದಾರರಿಂದ ಸ್ಕ್ರೂಡ್ರೈವರ್ ಇಸಿದುಕೊಂಡರು. ಶೈಲಾಳ ಕೈಯಿಂದ ಬಂದೂಕು ತೆಗೆದುಕೊಂಡು, ಖಾಲಿಯಿದೆಯೇ ಎಂದು ಎರಡು ಸಲ ತೆರೆದು ನೋಡಿ, ಕಟ್ಟೆಯ ಮೇಲೆ ಕೂತು, ಕನ್ನಡಕ ಹಣೆಗೇರಿಸಿ ಬಿಚ್ಚತೊಡಗಿದರು. ಮರದ ತುಂಡು ಹೊರಬಂತು. ಮೆತ್ತೆಯನ್ನಷ್ಟೇ ಮತ್ತೆ ಕೂಡಿಸಿ ಬಿಗಿದರು. ನಾನು ಗಡಿಯಾರ ನೋಡಿದೆ. ಏಳು ನಿಮಿಷದ ಕೆಲಸ. ಆಕೆ ಎತ್ತಿದಳು, ಹೆಗಲಲ್ಲಿ ಕೂತಿತು. ಆ ದಿನ ಕಾಕಾ ಗಾಳಿಯನ್ನು ಒಮ್ಮೆಯೂ ಬೈಯಬೇಕಾಗಲಿಲ್ಲ. ಮನೆಗೆ ಹೊರಡುವಾಗ ಮಾತ್ರ ಅವಳ ತಲೆಯ ಮೇಲೆ ಕೈಯಿಟ್ಟು, "ನನ್ನ ಸಲವಾಗಿ ಒಂದು ವರ್ಷ ಹಾಳು ಮಾಡಿಕೊಂಡೆಲ್ಲ ತಂಗಿ," ಎಂದರು. ಕಂಬದ ಮೇಲಿಂದ ಒಮ್ಮೆ ಬಿದ್ದಾಗಲೂ ಅವರ ದನಿ ಹಾಗೆ ನಡುಗಿರಲಿಲ್ಲವೆಂದು ಕಾಕೂ ಆಮೇಲೆ ಹೇಳಿದಳು.

ಎರಡನೆಯ ಸ್ಪರ್ಧೆಯಲ್ಲಿ ಬೇಕಾದದ್ದಕ್ಕಿಂತ ಮೂರು ಹೆಚ್ಚೇ ಒಡೆದಳು. ಈಗ ಆಯ್ಕೆ ಶಿಬಿರದ ಕಾಗದ ಬಂದಿದೆ.

ನೋಟ್‌ಬುಕ್ಕಿನ ಮಾತೊಂದನ್ನು ಬಿಟ್ಟು ಇದನ್ನೆಲ್ಲ ಪಾಟೀಲ ಸರ್‌ಗೆ ರಸವತ್ತಾಗಿ ಹೇಳಿದೆ. ಕಾಕಾ ಎದ್ದು ನಿಂತದ್ದನ್ನು ಹೇಳುವಾಗ ಸ್ವಲ್ಪ ಅಭಿನಯವೂ ಸೇರಿತು. "ಹಿರ್ಯಾರನ್ನ ಕರಕೊಂಡು ಹೋಗಬ್ಯಾಡ್ರಿ ಸರ. ನಮ್ಮ ಮನ್ಯಾಗ ಎಲ್ಲಾ ಘೋಟಾಳೆ ಆಗಿದ್ದು ಕಾಕಾನಿಂದ. ಅಕಿನೂ ಬಾಯಿ ಬಿಡಲಿಲ್ಲ. ಗುರುವಾರ ನಾನ ಬರ್ತೀನಿ, ಎಲ್ಲಾ ಮುಂದ ನಿಂತು ನೋಡಿಕೊಡ್ತೀನಿ," ಎಂದು ಫೋನಿಟ್ಟೆ.

ಬಾಲ್ಕನಿಯಿಂದ ಶೈಲಾ, ನಳಿಗೆಯೊಳಗೆ ಬಟ್ಟೆ ತೂರಿಸುತ್ತಲೇ, "ಕಾಕಾ ಎದ್ದಾಗ ನಾ ಯಾಕ ಸುಮ್ಮನಿದ್ದೆ ಗೊತ್ತೈತೇನ್ರಿ?" ಎಂದಳು.

"ಹಿರ್ಯಾರಂತ."

"ಅಲ್ರಿ. ನಾ ನಿಮ್ಮ ಮಾರಿ ನೋಡಾಕತ್ತಿದ್ದೆ. ನೀವೊಂದು ಮಾತು ಅಂದ್ರ ನಾ ಏಳಾಕಿದ್ದೆ. ನೀವು ಗ್ವಾಡಿ ಮ್ಯಾಗಿನ ಕ್ಯಾಲೆಂಡರ್ ನೋಡಾಕತ್ತಿದ್ರಿ."

ಸಿಟ್ಟಿನಿಂದ ಹೇಳಲಿಲ್ಲ. ಅರಿಷಿಣ ಇನ್ನೊಂದು ಸ್ವಲ್ಪ ಕೆಳಗೆ ಹಚ್ಚಿ ಎಂದಂತೆ ಹೇಳಿದಳು. ಆ ತಿಂಗಳ ಏಕಾದಶಿ ಯಾವ ವಾರ ಬಿದ್ದಿತ್ತು ಎಂದು ನಾನು ಇವತ್ತಿಗೂ ಹೇಳಬಲ್ಲೆ.

ಪಾಟೀಲ ಸರ್‌ಗೆ ಮತ್ತೆ ಫೋನು ಮಾಡಿದೆ.

"ಸರ, ಗುರುವಾರ ನಾ ಬರಂಗಿಲ್ರಿ."

"ಯಾಕ್ರಿ? ನಿಮ್ಮ ಮ್ಯಾಲೆ ನಂಬಿಕಿ ಇಟ್ಟೇನಲ್ರಿ ನಾ."

"ಅದಕ್ಕ ಬರಂಗಿಲ್ರಿ," ಎಂದೆ. "ಶೈಲಾ ಬರ್ತಾಳ."